ಬೀದಿ ವ್ಯಾಪಾರಿಗೆ ಸಂಘ ಏಕೆ ಬೇಕು?

ಕೇಳುಗರಿಗೆ ನಮಸ್ಕಾರ. ಈ ಹೊತ್ತು ನಾನು ಮಾತಾಡುತ್ತಿರುವುದು ಮಾರುಕಟ್ಟೆ ಬದಿಯಲ್ಲಿ ಸೊಪ್ಪು, ಹೂವು ಮಾರುವ ತಾಯಂದಿರ ಜೊತೆ, ತಳ್ಳುಗಾಡಿ ನಂಬಿ ಬದುಕುವ ಅಣ್ಣತಮ್ಮಂದಿರ ಜೊತೆ. ನನ್ನದು ಒಂದೇ ಮಾತು: ಒಬ್ಬೊಬ್ಬರೇ ಹೋಗಿ ಕೇಳಬೇಡಿ, ಸಂಘ ಕಟ್ಟಿಕೊಂಡು ಕೇಳಿ.

“ಸಂಘದಿಂದ ನಮಗೇನು ಸಿಗುತ್ತೆ ಸಾರ್?” ಎಲ್ಲಿಗೆ ಹೋದರೂ ಈ ಪ್ರಶ್ನೆ ಬಂದೇ ಬರುತ್ತದೆ. ಆಗೆಲ್ಲ ನಾನು ಅಹಮದಾಬಾದಿನ ಹೆಣ್ಣುಮಕ್ಕಳ ವಿಷಯ ಹೇಳುತ್ತೇನೆ.

1972ನೇ ಇಸವಿ. ತರಕಾರಿ ಮಾರುವವರು, ತಲೆ ಮೇಲೆ ಬಟ್ಟೆ ಮೂಟೆ ಹೊರುವವರು, ಹಳೇ ಬಟ್ಟೆ ವ್ಯಾಪಾರದವರು, ಎಲ್ಲರೂ ಸೇರಿ ‘ಸೇವಾ’ ಅನ್ನುವ ಸಂಘ ಕಟ್ಟಿದರು. ಮುಂದೆ ನಿಂತವರು ವಕೀಲೆ ಇಳಾ ಭಟ್. ನೋಂದಣಿಗೆ ಹೋದರೆ ಅಧಿಕಾರಿಗಳ ತಕರಾರು: ನಿಮಗೆ ಮಾಲೀಕನೇ ಇಲ್ಲ, ಯಾರ ಮೇಲೆ ಹೋರಾಡೋಕೆ ಸಂಘ? ಹೋರಾಡೋಕೆ ಮಾಲೀಕ ಇರಲೇಬೇಕೆಂದಿಲ್ಲ, ನಾವು ಒಟ್ಟಾಗಿರೋದಕ್ಕೇ ಸಂಘ ಬೇಕು ಅಂತ ಇವರು ಪಟ್ಟು ಹಿಡಿದರು. ನೋಂದಣಿ ಆಯಿತು.

ಆಮೇಲೆ ಸಾಲದ ಕಾಟ. ಮೀಟರ್ ಬಡ್ಡಿಯ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ. ಬ್ಯಾಂಕುಗಳು ಇವರನ್ನು ಹತ್ತಿರ ಸೇರಿಸಲಿಲ್ಲ. ಒಂದು ಸಭೆಯಲ್ಲಿ ಸದಸ್ಯೆಯೊಬ್ಬರು ಎದ್ದು, ನಾವು ಬಡವರು ನಿಜ, ಆದರೆ ಇಷ್ಟೊಂದು ಜನ ಇದ್ದೀವಲ್ಲ, ನಮ್ಮದೇ ಬ್ಯಾಂಕ್ ಯಾಕಾಗಬಾರದು ಅಂದರು. ತಲೆಗೆ 10 ರೂಪಾಯಿಯಂತೆ 4,000 ಹೆಂಗಸರು ದುಡ್ಡು ಹಾಕಿದರು. ಅದಕ್ಕೂ ಅಡ್ಡಿ ಬಂತು. ಸಹಿ ಹಾಕೋಕೆ ಬಾರದವರು ಬ್ಯಾಂಕ್ ನಡೆಸೋದು ಹೇಗೆ ಅಂತ ಕೇಳಿದರು. ಆ ತಾಯಂದಿರು ರಾತ್ರಿಯೆಲ್ಲ ಕೂತು ತಮ್ಮ ಹೆಸರು ಬರೆಯೋದನ್ನು ಕಲಿತರು! 1974ರಲ್ಲಿ ಬ್ಯಾಂಕ್ ಶುರುವಾಯಿತು. ಖಾತೆದಾರಳ ಗುರುತಿಗೆ ಪಾಸ್‌ಬುಕ್ಕಿನಲ್ಲಿ ಫೋಟೊ. ಆ ಫೋಟೊದಲ್ಲಿ ಆಕೆ ಖಾತೆ ನಂಬರು ಬರೆದ ಸ್ಲೇಟು ಹಿಡಿದು ಕೂತಿರುತ್ತಿದ್ದಳು. ಓದು ಬಾರದವರಿಗೆ ತಕ್ಕ ಬ್ಯಾಂಕನ್ನು ಓದು ಬಾರದವರೇ ಮಾಡಿಕೊಂಡರು. ಒಬ್ಬಳೇ ಹೋಗಿದ್ದರೆ ಆಗುತ್ತಿತ್ತೇ, ನೀವೇ ಹೇಳಿ.

ಸಮಯ ಮುಗಿಯುತ್ತಾ ಬಂತು. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ, ದಯವಿಟ್ಟು ಗಮನವಿಟ್ಟು ಕೇಳಿ. ಬೀದಿ ವ್ಯಾಪಾರಿಗಳಿಗೆಂದೇ 2014ರ ಕಾಯ್ದೆ ಇದೆ. ನಿಮ್ಮನ್ನು ಜಾಗದಿಂದ ಎಬ್ಬಿಸಬೇಕಾದರೆ 30 ದಿನ ಮುಂಚೆ ನೋಟಿಸ್ ಕೊಡಬೇಕು. ಸಾಮಾನು ಎತ್ತಿಕೊಂಡು ಹೋದರೆ ಪಟ್ಟಿ ಮಾಡಿ ನಿಮ್ಮ ಕೈಗೆ ಕೊಡಬೇಕು. ಸೊಪ್ಪು, ಹಣ್ಣಿನಂಥ ಕೆಡುವ ಮಾಲಾದರೆ ನೀವು ಹೋಗಿ ಕೇಳಿದ ದಿನವೇ ಬಿಡಬೇಕು. ಬೇರೆ ಸಾಮಾನಿಗೆ ಎರಡು ಕೆಲಸದ ದಿನ. ಇದನ್ನು ಒಬ್ಬಳೇ ಹೆಂಗಸು ಖಾಲಿ ಬುಟ್ಟಿ ಹಿಡಿದು ಕೇಳಿದರೆ ನಾಳೆ ಬಾ ಅಂತಾರೆ. ಸಂಘದ ಐವತ್ತು ಜನ ಹೋಗಿ ಕೇಳಿದರೆ ಕುರ್ಚಿ ಹಾಕುತ್ತಾರೆ. ನನಗಂತೂ ಇದರಲ್ಲಿ ಅನುಮಾನವೇ ಇಲ್ಲ.

ಇನ್ನೊಂದು. ನಗರಸಭೆ, ಪುರಸಭೆಗಳ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇಕಡ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆರಿಸಿದ ವ್ಯಾಪಾರಿಗಳಾಗಿರಬೇಕು. ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಯಾವ ರಸ್ತೆಯಲ್ಲಿ ವ್ಯಾಪಾರಕ್ಕೆ ಜಾಗ ಅನ್ನುವ ಮಾತು ಬರುವುದು ಅಲ್ಲೇ. ನಿಮ್ಮ ಊರಿನ ಸಮಿತಿಯಲ್ಲಿ ನಿಮ್ಮ ಪರವಾಗಿ ಯಾರಿದ್ದಾರೆ? ಗೊತ್ತಿಲ್ಲದಿದ್ದರೆ ನಾಳೆಯೇ ನಾಲ್ಕು ಜನ ಕೂಡಿಕೊಂಡು ಹೋಗಿ ವಿಚಾರಿಸಿ. ಸಂಘಕ್ಕೆ ಚಂದಾ ಕಟ್ಟಿದಾಗ ರಸೀದಿ ತಪ್ಪದೆ ಇಸಿದುಕೊಳ್ಳಿ, ವರ್ಷಕ್ಕೊಮ್ಮೆ ಲೆಕ್ಕ ಕೇಳಿ. ನಮಸ್ಕಾರ.