ಮೊದಲ ಗೆರೆ ಸರಿಯಿರಲಿ

ಆರು, ಏಳು, ಎಂಟನೇ ತರಗತಿಯ ಮಕ್ಕಳಿಗೂ ಅವರ ಜೊತೆ ರೇಡಿಯೊ ಮುಂದೆ ಕೂತಿರುವ ಮೇಷ್ಟ್ರು, ಟೀಚರುಗಳಿಗೂ ನಮಸ್ಕಾರ.

ಸಮಾಜ ವಿಜ್ಞಾನದ ಪುಸ್ತಕ ತೆಗೆದು ಭಾರತದ ನಕ್ಷೆ ನೋಡಿ. ಚೆನ್ನೈಯಿಂದ ಮಂಗಳೂರಿಗೆ ಬೆರಳಾಡಿಸಿ. ಇಷ್ಟು ದೂರವನ್ನು ಮೊದಲು ಅಳೆದವರು ಹೇಗೆ ಅಳೆದರು? ಹಗ್ಗ ಹಿಡಿದು ನಡೆದರೇ? ಇಲ್ಲ. ಘಟ್ಟ, ಕಾಡು, ಹೊಳೆ ಬಿಡಬೇಕಲ್ಲ! ಅವರು ನೆಲದ ಮೇಲೆ ಅಳೆದದ್ದು ಒಂದು ಗೆರೆ. ಆಮೇಲೆ ಬರೀ ಕೋನ.

ತ್ರಿಕೋನದ ಒಂದು ಬಾಹು, ಅದರ ಎರಡು ತುದಿಯ ಕೋನ ಗೊತ್ತಿದ್ದರೆ ಮಿಕ್ಕ ಎರಡು ಬಾಹು ಲೆಕ್ಕದಲ್ಲೇ ಸಿಗುತ್ತವೆ. ಸಿಕ್ಕಿದ ಬಾಹುವಿನ ಮೇಲೆ ಇನ್ನೊಂದು ತ್ರಿಕೋನ, ಅದರ ಮೇಲೆ ಮತ್ತೊಂದು. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ಹೋಗುವುದು. ಆದರೆ ಮೊದಲ ಗೆರೆ ತಪ್ಪಿದರೆ ಎಲ್ಲವೂ ತಪ್ಪು. ಇವತ್ತು ನಾನು ಹೇಳುವುದು ಇದೊಂದೇ.

1802ನೇ ಇಸವಿ. ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಆ ಮೊದಲ ಗೆರೆ ಹಿಡಿದ. ಉದ್ದ ಏಳೂವರೆ ಮೈಲಿ, ಅಂದರೆ 12 ಕಿಲೋಮೀಟರ್. ಕೈಯಲ್ಲಿದ್ದದ್ದು 100 ಅಡಿಯ ಉಕ್ಕಿನ ಸರಪಳಿ. ಎರಡೂವರೆ ಅಡಿಯ 40 ಕೊಂಡಿ. ಬ್ರಿಟಿಷರು ಚೀನಾದ ಚಕ್ರವರ್ತಿಗೆಂದು ಒಯ್ದ ಉಡುಗೊರೆ ಅದು. ಅವನಿಗೆ ಬೇಡವಾಯಿತು, ಸುತ್ತಿ ಬಳಸಿ ಲ್ಯಾಂಬ್ಟನ್ ಕೈಸೇರಿತು! ಸರಪಳಿಯನ್ನು ನೆಲದ ಮೇಲೆ ಎಳೆದಾಡುವಂತಿಲ್ಲ. ಮರದ ಪೆಟ್ಟಿಗೆಗಳ ಸಾಲಿನಲ್ಲಿ ಮಟ್ಟಸವಾಗಿ ಮಲಗಿಸಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟರು. ಥರ್ಮಾಮೀಟರ್ ಯಾಕೆ? ಬಿಸಿಲಿಗೆ ಉಕ್ಕು ಹಿಗ್ಗುತ್ತದೆ. ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ಆ ಸರಪಳಿ ಮೂರೂವರೆ ಮಿಲಿಮೀಟರ್ ಉದ್ದವಾಗುತ್ತದೆ. ಅಷ್ಟೇ ತಾನೆ ಅನ್ನಬೇಡಿ. ಸರಪಳಿ ಹಾಕಬೇಕಾದ್ದು ಸುಮಾರು 400 ಸಲ. ಕೊನೆಗೆ ಒಂದೂವರೆ ಮೀಟರಿನಷ್ಟು ತಪ್ಪು ಬಂದು ಕೂರುತ್ತದೆ.

ಅಲ್ಲಿಂದ ತ್ರಿಕೋನ ಕಟ್ಟುತ್ತಾ 1804ಕ್ಕೆ ಬೆಂಗಳೂರಿಗೆ ಬಂದರು. ಬೆಂಗಳೂರಿನ ಹತ್ತಿರ ಏಳು ಮೈಲಿಯ ಇನ್ನೊಂದು ಗೆರೆಯನ್ನು ಅದೇ ಸರಪಳಿಯಿಂದ ನೆಲದ ಮೇಲೆಯೇ ಅಳೆದು, ಮದರಾಸಿನಿಂದ ಬಂದ ಲೆಕ್ಕದೊಂದಿಗೆ ತಾಳೆ ನೋಡಿದರು. ವ್ಯತ್ಯಾಸ ಎಷ್ಟು ಗೊತ್ತೇ? ನಾಲ್ಕು ಅಂಗುಲವೂ ಇರಲಿಲ್ಲ! ಮಂಗಳೂರು ಮುಟ್ಟಿದಾಗ, ಹಳೆಯ ನಕ್ಷೆಗಳು ಈ ಕರಾವಳಿಯಿಂದ ಆ ಕರಾವಳಿಗೆ ಸುಮಾರು 40 ಮೈಲಿ ಹೆಚ್ಚೇ ತೋರಿಸುತ್ತಿದ್ದವು ಎಂದು ಬಯಲಾಯಿತು.

ಈಗ ನೀವು ಮಾಡಿ. ನಕ್ಷೆ ಟ್ರೇಸ್ ಮಾಡಿ ಬಣ್ಣ ತುಂಬಿದ್ದು ಸಾಕು. ಶಾಲೆಯ ಬಯಲಿನಲ್ಲಿ 20 ಮೀಟರ್ ಅಂತರದಲ್ಲಿ ಎರಡು ಗೂಟ ನೆಡಿ. ಟೇಪಿನಲ್ಲಿ ಹೋಗುತ್ತಾ ಒಮ್ಮೆ, ಬರುತ್ತಾ ಒಮ್ಮೆ ಅಳೆಯಿರಿ. ಎರಡು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಟೇಪು ಜೋತಿದೆ, ಬಿಗಿಯಾಗಿ ಹಿಡಿದು ಮತ್ತೆ ಅಳೆಯಿರಿ. ನೂಲಿನ ಹಗ್ಗ ಬೇಡ, ಎಳೆದರೆ ಉದ್ದವಾಗುತ್ತದೆ. ಬೋರ್ಡಿನ ದೊಡ್ಡ ಕೋನಮಾಪಕದ ಸೊನ್ನೆಯ ಗೆರೆಯನ್ನು ಇನ್ನೊಂದು ಗೂಟದ ಕಡೆಗೆ ಹಿಡಿದು, ಮೇಲೆ ಒಂದು ಸ್ಟ್ರಾ ಇಟ್ಟು, ಒಂದೊಂದು ಗೂಟದಿಂದಲೂ ದೂರದ ತೆಂಗಿನ ಮರ ನೋಡಿ ಕೋನ ಬರೆದುಕೊಳ್ಳಿ. ಕೋನಮಾಪಕದಲ್ಲಿ ಎರಡು ಸಾಲು ಅಂಕಿಗಳಿವೆ. 75 ಇದ್ದಲ್ಲಿ 105 ಓದುವವರು ಪ್ರತಿ ತರಗತಿಯಲ್ಲೂ ಇದ್ದಾರೆ. ಹಾಳೆಯಲ್ಲಿ ಎರಡು ಮೀಟರಿಗೆ ಒಂದು ಸೆಂಟಿಮೀಟರ್ ಪ್ರಮಾಣ ಇಟ್ಟುಕೊಂಡು 10 ಸೆಂಟಿಮೀಟರಿನ ಗೆರೆ ಎಳೆದು, ಎರಡೂ ಕೋನ ಹಾಕಿ. ಗೆರೆಗಳು ಕೂಡಿದಲ್ಲಿ ಮರ.

ಗೂಟಗಳನ್ನು ಎರಡೇ ಮೀಟರಿಗೆ ನೆಟ್ಟು ಕೆಲಸ ಮುಗಿಸುವ ಆಸೆ ಬರುತ್ತದೆ. ಬೇಡ. 40 ಮೀಟರ್ ದೂರದ ಮರಕ್ಕೆ ಒಂದು ಕೋನ ಒಂದೇ ಡಿಗ್ರಿ ಹೆಚ್ಚಾದರೂ ಆ ಮರ ಹಾಳೆಯಲ್ಲಿ 60 ಮೀಟರಿಗೆ ಹಾರುತ್ತದೆ. ಗೆರೆ 20 ಮೀಟರ್ ಇದ್ದರೆ ಅದೇ ತಪ್ಪಿಗೆ ಒಂದೂವರೆ ಮೀಟರ್ ಜರುಗುತ್ತದೆ, ಅಷ್ಟೇ.

ಎವರೆಸ್ಟ್ ಎತ್ತರವನ್ನು ರಾಧಾನಾಥ ಸಿಕ್ದಾರ್ ಎಂಬ ಗಣಿತಜ್ಞ ಲೆಕ್ಕ ಹಾಕಿದ್ದೂ ಇಂಥ ಕೋನಗಳಿಂದಲೇ. ಅದನ್ನು ಬಿಡಿಸಿ ಹೇಳಲು ಹೊತ್ತು ಉಳಿದಿಲ್ಲ. ನಾಳೆ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ, ಬಿಸಿಲು ಏರುವ ಮೊದಲು, ಗೂಟ ನೆಡಿ. ನಮಸ್ಕಾರ.