ನೈನ್ ಹೊಡೆಯುವ ಮೊದಲು

ಸರ್ವರ್ ಕಾಯುವವರೇ ಇಲ್ಲಿ ಹೆಚ್ಚು ಕೂತಿದ್ದೀರಿ, ಹಾಗಾಗಿ ಪ್ರಾಸೆಸ್ ಅಂದರೆ ಓಡುತ್ತಿರುವ ಪ್ರೋಗ್ರಾಂ ಅನ್ನುವಲ್ಲಿಂದ ಶುರು ಮಾಡುವುದಿಲ್ಲ. ನನ್ನ ತಕರಾರು ಒಂದೇ. ಲಿನಕ್ಸ್‌ನಲ್ಲಿ ಪ್ರಾಸೆಸ್ ಅಲುಗಾಡುತ್ತಿಲ್ಲ ಅಂದ ಕೂಡಲೇ ನಮ್ಮವರ ಬೆರಳು 'ಕಿಲ್ ಮೈನಸ್ ನೈನ್', ಅಂದರೆ ಬಲವಂತವಾಗಿ ಕೊಲ್ಲುವ ಸಿಗ್ನಲ್, ಹೊಡೆದಾಗಿರುತ್ತದೆ. ಅದು ಯಾತಕ್ಕೆ ಕಾಯುತ್ತಿದೆ ಅಂತ ಯಾರೂ ನೋಡುವುದಿಲ್ಲ.

ಇದು ನಾನು ಹೋದಲ್ಲೆಲ್ಲ ಹೇಳುವ ಕಥೆ, ಮೊದಲೇ ಕೇಳಿದವರು ಸಹಿಸಿಕೊಳ್ಳಿ. ಒಂದು ಕಚೇರಿ, 2.6.18ರ ಕರ್ನಲ್ (ಲಿನಕ್ಸ್‌ನ ತಿರುಳು), ರಾತ್ರಿ ಬ್ಯಾಕಪ್ ಹೊತ್ತು. ಲೋಡ್ ಆವರೇಜ್, ಅಂದರೆ ಸರದಿಯಲ್ಲಿರುವ ಕೆಲಸಗಳ ಸರಾಸರಿ, ನೂರು ದಾಟಿದೆ, ಸಿಪಿಯು ಮಾತ್ರ ಖಾಲಿ. ಡ್ಯೂಟಿಯಲ್ಲಿದ್ದ ಹುಡುಗ ಬ್ಯಾಕಪ್‌ಗೆ ನೈನ್ ಹೊಡೆದ. ಸಾಯಲಿಲ್ಲ. ಎಲ್ಲ ಅಧಿಕಾರವಿರುವ ರೂಟ್ ಆಗಿ ಹೊಡೆದ. ರೂಟ್ ಆಗಿದ್ದುಕೊಂಡೇ ಮುಂದೆ ಅದೇ ಅಧಿಕಾರ ಕೇಳುವ 'ಸುಡೋ' ಸೇರಿಸಿ ಹೊಡೆದ! ಆಮೇಲೆ ಲೂಪ್ ಬರೆದ. ಒಂದೇ ಸಿಗ್ನಲ್ ನೂರು ಸಲ ಕಳಿಸಿದರೂ ಕರ್ನಲ್ ಇಟ್ಟುಕೊಳ್ಳುವುದು ಒಂದೇ ಗುರುತು ಅಂತ ಪಾಪ ಅವನಿಗೆ ಯಾರು ಹೇಳಬೇಕು? ಕೊನೆಗೆ ರೀಬೂಟ್ ಕೊಟ್ಟ. ಅದೂ ಅರ್ಧಕ್ಕೆ ನಿಂತಿತು. ನೆಟ್‌ವರ್ಕಿನಲ್ಲಿ ಫೈಲ್ ಹಂಚುವ ಆಚೆಯ ಎನ್ಎಫ್ಎಸ್ ಸರ್ವರಿನ ಕೇಬಲ್ ಕಳಚಿಕೊಂಡಿತ್ತು, ಇಲ್ಲಿದ್ದದ್ದು ಉತ್ತರ ಬರುವ ತನಕ ಬಿಡದೆ ಕಾಯುವ ಹಾರ್ಡ್ ಮೌಂಟ್. ಕೇಬಲ್ ಚುಚ್ಚಿದ ಮೇಲೆ, ಅವನು ಮೊದಲು ಹೊಡೆದಿದ್ದ ನೈನ್ ಆಗ ಕೆಲಸ ಮಾಡಿತು.

ಪ್ರಾಸೆಸ್‌ಗಳ ಪಟ್ಟಿ ತೋರಿಸುವ 'ಪಿಎಸ್' ಕೊಟ್ಟು, ಸ್ಥಿತಿ ಹೇಳುವ ಸ್ಟ್ಯಾಟ್ ಕಾಲಂ ನೋಡಿದ್ದರೆ 'ಡಿ' ಕಾಣುತ್ತಿತ್ತು. ಪ್ರಾಸೆಸ್ ಕರ್ನಲ್‌ನ ಒಳಗೆ ಐಒಗಾಗಿ (ಡಿಸ್ಕ್, ನೆಟ್‌ವರ್ಕಿನ ಓದು-ಬರಹಕ್ಕಾಗಿ) ಮಲಗಿದೆ, ಎದ್ದ ಮೇಲೆಯೇ ಸಿಗ್ನಲ್ ಕಡೆ ತಿರುಗುವುದು. 1993ರ ಒಂದು ಪ್ಯಾಚ್‌ನಿಂದೀಚೆಗೆ ಲಿನಕ್ಸ್ ಈ 'ಡಿ'ಗಳನ್ನೂ ಲೋಡ್ ಲೆಕ್ಕಕ್ಕೆ ಸೇರಿಸುತ್ತದೆ. ಸಿಪಿಯು ಖಾಲಿ, ಲೋಡ್ ನೂರು ಅನ್ನುವ ವಿಚಿತ್ರ ಅದರಿಂದಲೇ. 2008ರಲ್ಲಿ ಬಂದ 2.6.25ರಿಂದ ನೈನ್‌ಗೆ ಎಚ್ಚರಾಗುವ 'ಕಿಲ್ಲಬಲ್' ಅಂತ ಇನ್ನೊಂದು ನಿದ್ದೆ ಇದೆ, ಎನ್ಎಫ್ಎಸ್‌ನಲ್ಲಿ ಈಗ ನೈನ್ ಬಹಳಷ್ಟು ಸಲ ನಡೆಯುತ್ತದೆ. ಕೆಟ್ಟ ಡಿಸ್ಕಿನ ಮುಂದೆ ಇವತ್ತಿಗೂ ನಂಬಬೇಡಿ.

ಇನ್ನು 'ಝಡ್', ಜಾಂಬಿ. ಸತ್ತದ್ದನ್ನೇ ಮತ್ತೆ ಕೊಲ್ಲಲು ಹೊರಡುವ ಶೂರರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅದರ ಮೆಮೊರಿ ಆಗಲೇ ವಾಪಸಾಗಿದೆ. ಉಳಿದದ್ದು ಪ್ರಾಸೆಸ್ ಟೇಬಲ್ಲಿನಲ್ಲಿ ಒಂದು ಸಾಲು, ಅದನ್ನು ಹುಟ್ಟಿಸಿದ ಪೇರೆಂಟ್ ಪ್ರಾಸೆಸ್ ಬಂದು 'ವೇಟ್' ಕರೆದು ಸಾವಿನ ವರದಿ ಪಡೆಯುವ ತನಕ. ಹಿಡಿಯಬೇಕಾದ್ದು ಪೇರೆಂಟನ್ನು. ಅದು ಹೋದರೆ ಸಾಮಾನ್ಯವಾಗಿ ಪಿಐಡಿ 1, ಅಂದರೆ ಸಿಸ್ಟಂನ ಮೊದಲ ಪ್ರಾಸೆಸ್, ಬಂದು ಗುಡಿಸುತ್ತದೆ. ಡಾಕರ್‌ನಂಥವು ಕೊಡುವ ಪ್ರತ್ಯೇಕ ಪೆಟ್ಟಿಗೆ, ಕಂಟೇನರ್, ಅದರ ಒಳಗೆ ಪಿಐಡಿ 1 ಅಂದರೆ ನೀವು ಬರೆದ ಪ್ರೋಗ್ರಾಮೇ, ಅದಕ್ಕೆ ಗುಡಿಸುವ ಅಭ್ಯಾಸ ಇರುವುದಿಲ್ಲ. ಡಾಕರ್‌ಗೆ 'ಇನಿಟ್' ಆಯ್ಕೆ ಕೊಡಿ, ಗುಡಿಸುವ ಪುಟ್ಟ ಪ್ರೋಗ್ರಾಂ ಪಿಐಡಿ 1 ಆಗುತ್ತದೆ.

ಸಮಯದ ಚೀಟಿ ಬಂತು, ಇನ್ನು ಐದೇ ನಿಮಿಷವಂತೆ. ಓಡುತ್ತೇನೆ. ಅದೇ ಕಾಲಂನಲ್ಲಿ 'ಟಿ' (ನಿಲ್ಲಿಸಿದ್ದು) ಕಂಡರೆ ಯಾರೋ ಕಂಟ್ರೋಲ್ ಝಡ್ ಒತ್ತಿ ಮರೆತಿರಬಹುದು, ಮುಂದುವರಿಸುವ 'ಕಾಂಟ್' ಸಿಗ್ನಲ್ ಕಳಿಸಿ. 'ಎಸ್' (ಸಿಗ್ನಲ್‌ಗೆ ಏಳುವ ನಿದ್ದೆ) ಇದ್ದರೆ 'ಸ್ಟ್ರೇಸ್' ಹಚ್ಚಿ, ಯಾವ ಸಿಸ್ಟಂ ಕಾಲ್‌ನಲ್ಲಿ, ಅಂದರೆ ಕರ್ನಲ್‌ಗೆ ಮಾಡಿದ ಯಾವ ಕರೆಯಲ್ಲಿ, ನಿಂತಿದೆ ನೋಡಿ. 'ಡಿ' ಇದ್ದರೆ 'ಪ್ರಾಕ್' ಡೈರೆಕ್ಟರಿಯಲ್ಲಿ ಆ ಪ್ರಾಸೆಸ್‌ನ 'ಸ್ಟ್ಯಾಕ್' ಫೈಲ್ ಓದಿ, ಕರ್ನಲ್ ಸಂದೇಶ ತೋರಿಸುವ 'ಡಿಮೆಸೇಜ್' ನೋಡಿ. 120 ಸೆಕೆಂಡ್ ಮೀರಿ ನಿಂತದ್ದನ್ನು ಕರ್ನಲ್ ಎಷ್ಟೋ ಸಲ ತಾನೇ ಬರೆದಿಟ್ಟಿರುತ್ತದೆ. ಕೊಲ್ಲಲೇಬೇಕಾದರೆ ಮೊದಲು 15, ಕೆಲಸ ಮುಗಿಸಿ ಹೊರಡು ಅನ್ನುವ ಸಿಗ್ನಲ್. ನೈನ್ ಹೊಡೆದರೆ ಲಾಕ್ ಫೈಲ್ (ತಾನು ಓಡುತ್ತಿದ್ದೇನೆ ಅನ್ನುವ ಗುರುತು) ಅಳಿಸಲು ಅದಕ್ಕೆ ಪುರಸೊತ್ತು ಸಿಗುವುದಿಲ್ಲ, ಬೆಳಿಗ್ಗೆ ಸರ್ವಿಸ್ ಏಳದಿದ್ದಾಗ ನನಗೇ ಫೋನ್ ಮಾಡುತ್ತೀರಿ.

ಸ್ಟ್ರೇಸ್ ಡೆಮೊ ತಂದಿದ್ದೆ, ಆಗಲಿಲ್ಲ. ಊಟದ ಸಾಲಿನ ಪಕ್ಕ ಲ್ಯಾಪ್‌ಟಾಪ್ ತೆರೆದಿಡುತ್ತೇನೆ, ಬನ್ನಿ.