ವಾಟರ್ ಸಾಫ್ಟನರ್ ಕೊಳ್ಳುವ ಮೊದಲು ಈ ಲೆಕ್ಕ ಹಾಕಿ

(ತೆರೆಯ ಮೇಲೆ: ಬಿಚ್ಚಿದ ಗೀಸರ್. ಕಾಯಿಲ್ ಸುತ್ತ ದಪ್ಪ ಬಿಳಿ ಪದರ.)

ನಮಸ್ಕಾರ. ಈ ಕಾಯಿಲ್ ಮೇಲೆ ಕೂತಿರುವ ಬಿಳಿ ಪದರ ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಅಂದರೆ ಸುಣ್ಣಕಲ್ಲೇ. ತಣ್ಣೀರಿನಲ್ಲಿ ಬೈಕಾರ್ಬೊನೇಟ್ ಆಗಿ ಕರಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ನೀರು ಕಾದಾಗ ಬೇರೆಯಾಗಿ ಗಟ್ಟಿ ಕೂರುತ್ತದೆ. ಸೋಪು ನೊರೆ ಬರದಿರುವುದು, ಬಟ್ಟೆ ಬಿರುಸಾಗುವುದು, ಶವರಿನ ತೂತು ಕಟ್ಟಿಕೊಳ್ಳುವುದು, ಎಲ್ಲಕ್ಕೂ ಈ ಕ್ಯಾಲ್ಸಿಯಂ ಮತ್ತು ಅದರ ಜೊತೆಗಾರ ಮೆಗ್ನೀಸಿಯಂ ಕಾರಣ.

ಇವೆರಡನ್ನೂ ನೀರಿನಿಂದ ತೆಗೆಯುವ ಯಂತ್ರವೇ ವಾಟರ್ ಸಾಫ್ಟನರ್. ಹಾಗಂತ ನೇರ ಅಂಗಡಿಗೆ ಹೋಗಬೇಡಿ. ಮೊದಲು ಎರಡು ಸಂಖ್ಯೆ ಕೈಯಲ್ಲಿರಲಿ. ನೀರಿನ ಗಡಸುತನ, ಅಂದರೆ ಅದರಲ್ಲಿ ಕರಗಿರುವ ಈ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟು? ದಿನಕ್ಕೆ ಎಷ್ಟು ಲೀಟರ್ ಬಳಸುತ್ತೀರಿ?

ಗಡಸುತನ ಅಳೆಯಲು ಟಿಡಿಎಸ್ ಮೀಟರ್ ಸಾಲದು. ತುಂಬಾ ಜನ ಇಲ್ಲೇ ಮೋಸ ಹೋಗುತ್ತಾರೆ. ಆ ಮೀಟರ್ ನೀರಿನಲ್ಲಿ ಕರಗಿದ ಎಲ್ಲ ಲವಣವನ್ನೂ ಒಟ್ಟಿಗೆ ಅಂದಾಜು ಮಾಡುತ್ತದೆ. ಅದರಲ್ಲಿ ಕ್ಯಾಲ್ಸಿಯಂ ಎಷ್ಟು, ಅಡುಗೆ ಉಪ್ಪು ಎಷ್ಟು ಎಂದು ಹೇಳುವುದಿಲ್ಲ. ಸಾಫ್ಟನರ್ ಹಾಕಿದ ಮೇಲೂ ಟಿಡಿಎಸ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದನ್ನು ನೋಡಿ ಯಂತ್ರ ಕೆಲಸ ಮಾಡುತ್ತಿಲ್ಲ ಎಂದು ಜಗಳ ತೆಗೆಯುವವರೂ ಇದ್ದಾರೆ! ನಿಮಗೆ ಬೇಕಾದದ್ದು ಹನಿ ಹಾಕಿ ನೋಡುವ ಹಾರ್ಡ್‌ನೆಸ್ ಕಿಟ್. ಹನಿ ಬೀಳುತ್ತಾ ನೀರು ಕೆಂಪಿನಿಂದ ನೀಲಿಗೆ ತಿರುಗುತ್ತದೆ, ಎಷ್ಟು ಹನಿ ಬೇಕಾಯಿತು ಎಂಬುದೇ ಲೆಕ್ಕ. ಅಥವಾ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ಲೀಟರಿಗೆ 60 ಮಿಲಿಗ್ರಾಂ ಒಳಗಿದ್ದರೆ ಮೆದು ನೀರು, 120 ದಾಟಿದರೆ ಗಡಸು, 180 ದಾಟಿದರೆ ತುಂಬಾ ಗಡಸು. ಲ್ಯಾಬಿಗೆ ಹೇಗೂ ಕೊಡುತ್ತೀರಲ್ಲ, ಕಬ್ಬಿಣದ ಅಂಶವನ್ನೂ ನೋಡಿಸಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

(ತೆರೆಯ ಮೇಲೆ: ರೆಸಿನ್ ಮಣಿಗಳು, ಹತ್ತಿರದಿಂದ.)

ಈಗ ಯಂತ್ರದ ಒಳಗೆ ಹೋಗೋಣ. ಈ ಸಣ್ಣ ಸಣ್ಣ ಪ್ಲಾಸ್ಟಿಕ್ ಮಣಿಗಳೇ ರೆಸಿನ್. ಇವುಗಳ ಮೈತುಂಬ ಸೋಡಿಯಂ ಇರುತ್ತದೆ. ಗಡಸು ನೀರು ಹರಿದಾಗ ಮಣಿ ಒಂದು ಕ್ಯಾಲ್ಸಿಯಂ ಹಿಡಿದುಕೊಂಡು ಎರಡು ಸೋಡಿಯಂ ಬಿಟ್ಟುಕೊಡುತ್ತದೆ. ಸ್ವಲ್ಪ ದಿನಕ್ಕೆ ಬಿಟ್ಟುಕೊಡಲು ಸೋಡಿಯಂ ಖಾಲಿ. ಆಗ ಗಟ್ಟಿ ಉಪ್ಪುನೀರು ಹಾಯಿಸುತ್ತಾರೆ. ಕ್ಯಾಲ್ಸಿಯಂ ಡ್ರೈನಿಗೆ ಹೋಗುತ್ತದೆ, ಮಣಿ ಮತ್ತೆ ಸಿದ್ಧ. ಇದಕ್ಕೇ ರೀಜನರೇಷನ್ ಅನ್ನುವುದು.

ಹಾಗಾದರೆ ಯಂತ್ರದ ತಾಕತ್ತು ಎಲ್ಲಿದೆ? ಒಳಗೆ ಎಷ್ಟು ಲೀಟರ್ ರೆಸಿನ್ ಇದೆ ಎಂಬುದರಲ್ಲಿ. ಹೊರಗಿನ ಡಿಸ್‌ಪ್ಲೇ, ಬಣ್ಣ, ಬ್ರ್ಯಾಂಡ್ ಎಲ್ಲ ಆಮೇಲಿನ ಮಾತು.

ಒಂದು ಮನೆ ತೆಗೆದುಕೊಳ್ಳಿ. ಗಡಸುತನ ಲೀಟರಿಗೆ 400 ಮಿಲಿಗ್ರಾಂ, ಬಳಕೆ ದಿನಕ್ಕೆ 500 ಲೀಟರ್. ಗುಣಿಸಿದರೆ ದಿನಕ್ಕೆ 200 ಗ್ರಾಂ ಗಡಸುತನ ತೆಗೆಯಬೇಕು. ಒಂದು ಲೀಟರ್ ರೆಸಿನ್ ಸುಮಾರು 45 ಗ್ರಾಂ ಹಿಡಿಯುತ್ತದೆ. 25 ಲೀಟರ್ ರೆಸಿನ್ ಇದ್ದರೆ 1,125 ಗ್ರಾಂ. ಅಂದರೆ ಐದು ದಿನಕ್ಕೊಮ್ಮೆ ರೀಜನರೇಷನ್. ಇದು ಚೆನ್ನಾಗಿದೆ. ಅದೇ ಮನೆಗೆ 10 ಲೀಟರಿನದು ತಂದರೆ ಎರಡು ದಿನಕ್ಕೆ ಸುಸ್ತಾಗುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಆ 45 ಗ್ರಾಂ ಬರುವುದು ಲೀಟರ್ ರೆಸಿನ್‌ಗೆ 100 ಗ್ರಾಂ ಆಸುಪಾಸು ಉಪ್ಪು ಬಳಸಿದಾಗ. 240 ಗ್ರಾಂ ಸುರಿದರೆ ಅದೇ ರೆಸಿನ್ 70 ಗ್ರಾಂ ಹತ್ತಿರ ಹಿಡಿಯುತ್ತದೆ. ಉಪ್ಪು ಎರಡೂವರೆ ಪಟ್ಟು, ಸಿಕ್ಕಿದ್ದು ಒಂದೂವರೆ ಪಟ್ಟು. ಜಾಹೀರಾತಿನ ಹಾಳೆಯಲ್ಲಿ ದೊಡ್ಡ ಸಂಖ್ಯೆ ಕಂಡರೆ, "ಇದು ಎಷ್ಟು ಉಪ್ಪಿಗೆ?" ಎಂದು ಕೇಳಿ. ನನ್ನ ಪ್ರಕಾರ ಸ್ವಲ್ಪ ದೊಡ್ಡ ಟ್ಯಾಂಕ್ ತಂದು ಕಡಿಮೆ ಉಪ್ಪಿನಲ್ಲಿ ನಡೆಸುವುದೇ ಜಾಣತನ.

ಇದೇ ಲೆಕ್ಕವನ್ನು ನಲ್ಲಿಗೆ, ಶವರಿಗೆ ಸಿಕ್ಕಿಸುವ ಪುಟ್ಟ ಸಾಫ್ಟನರ್‌ಗೂ ಹಾಕಿ ನೋಡಿ. ಒಳಗೆ 200 ಮಿಲಿಲೀಟರ್ ರೆಸಿನ್ ಇದೆ ಅನ್ನಿ. ಧಾರಾಳವಾಗಿ 70 ರ ಲೆಕ್ಕವನ್ನೇ ಹಿಡಿದರೂ 14 ಗ್ರಾಂ. ನಮ್ಮ 400 ಮಿಲಿಗ್ರಾಂ ನೀರಿನಲ್ಲಿ ಅದು 35 ಲೀಟರಿಗೆ ಮುಗಿಯಿತು. ಎರಡು ಬಕೆಟ್! ತಿಂಗಳುಗಟ್ಟಲೆ ಬರುತ್ತದೆ ಎಂದು ಅದು ಹೇಗೆ ಹೇಳುತ್ತಾರೋ.

ಉಪ್ಪೇ ಬೇಡ ಅನ್ನುವ ಯಂತ್ರಗಳೂ ಇವೆ. ಕೆಲವು ಕ್ಯಾಲ್ಸಿಯಂ ಅನ್ನು ಸಣ್ಣ ಹರಳಾಗಿಸಿ ಪೈಪಿಗೆ ಅಂಟದಂತೆ ನೋಡಿಕೊಳ್ಳುತ್ತವೆ. ಆದರೆ ಗಡಸುತನ ನೀರಿನಲ್ಲೇ ಉಳಿಯುತ್ತದೆ. ಸೋಪಿನ ನೊರೆಯ ಕಷ್ಟ ತಪ್ಪುವುದಿಲ್ಲ. ಪೈಪಿಗೆ ಕಟ್ಟುವ ಮ್ಯಾಗ್ನೆಟ್ ವಿಷಯದಲ್ಲಿ ಪರೀಕ್ಷೆಗಳ ಫಲಿತಾಂಶ ಒಂದೇ ಥರ ಬಂದಿಲ್ಲ. ನಾನಂತೂ ಅದಕ್ಕೆ ದುಡ್ಡು ಹಾಕುವುದಿಲ್ಲ.

(ತೆರೆಯ ಮೇಲೆ: ಟೈಮರ್ ವಾಲ್ವ್, ಮೀಟರ್ ವಾಲ್ವ್, ಅಕ್ಕಪಕ್ಕ.)

ಮುಂದೆ ವಾಲ್ವ್, ಅಂದರೆ ಉಪ್ಪುನೀರು ಹಾಯಿಸಿ ಮಣಿ ತೊಳೆಯುವ ರೀಜನರೇಷನ್ ನಡೆಸುವ ಭಾಗ. ಟೈಮರ್ ವಾಲ್ವ್ ಇಷ್ಟು ದಿನಕ್ಕೊಮ್ಮೆ ಎಂದು ತೊಳೆಯುತ್ತದೆ. ನೀವು ಊರಲ್ಲಿಲ್ಲದಿದ್ದರೂ ಸುಮ್ನೆ ಉಪ್ಪು, ನೀರು ಖರ್ಚು. ಮೀಟರ್ ವಾಲ್ವ್ ಹರಿದ ಲೀಟರ್ ಎಣಿಸಿ ಬೇಕಾದಾಗ ಮಾತ್ರ ತೊಳೆಯುತ್ತದೆ. ಕೈಯಿಂದ ತಿರುಗಿಸುವ ವಾಲ್ವ್ ಕೂಡ ಕೆಟ್ಟದ್ದಲ್ಲ, ಮರೆಯದೆ ಮಾಡುವವರು ಮನೆಯಲ್ಲಿದ್ದರೆ.

ಒತ್ತಡದ ವಿಷಯ ಮಾತ್ರ ಮರೆಯಬೇಡಿ. ಆಟೊಮ್ಯಾಟಿಕ್ ವಾಲ್ವ್ ಉಪ್ಪುನೀರನ್ನು ಎಳೆದುಕೊಳ್ಳುವುದು ನೀರಿನ ಒತ್ತಡದಿಂದಲೇ. ಸಾಮಾನ್ಯವಾಗಿ 1.5 ರಿಂದ 2 ಬಾರ್ ಬೇಕು. ಮೇಲಿನ ಟ್ಯಾಂಕಿನಿಂದ ಬರುವ ನೀರಿಗೆ 10 ಮೀಟರ್ ಎತ್ತರಕ್ಕೆ ಹೆಚ್ಚುಕಡಿಮೆ 1 ಬಾರ್ ಅಷ್ಟೇ ಸಿಗುತ್ತದೆ. ಒಂದು ಮಹಡಿ ಎತ್ತರದಿಂದ ಏನೂ ಸಾಲದು. ಪ್ರೆಷರ್ ಪಂಪ್ ಹಾಕಬೇಕು, ಇಲ್ಲವೇ ನೀರೆತ್ತುವ ಪಂಪಿಗೂ ಮೇಲಿನ ಟ್ಯಾಂಕಿಗೂ ನಡುವೆ ಸಾಫ್ಟನರ್ ಕೂರಿಸಬೇಕು. ಹಾಗೆ ಕೂರಿಸಿದರೆ ಪಂಪಿನ ವೇಗ ಯಂತ್ರದ ಮಿತಿಯೊಳಗೆ ಇದೆಯಾ ನೋಡಿ. ಜಾಸ್ತಿ ವೇಗದಲ್ಲಿ ಹೋದರೆ ನೀರು ಗಡಸಾಗಿಯೇ ದಾಟಿಬಿಡುತ್ತದೆ.

ಕಬ್ಬಿಣ ಅಂದೆನಲ್ಲ. ಅದು ಮಣಿಗಳ ಮೇಲೆ ತುಕ್ಕಾಗಿ ಕೂತು ರೆಸಿನ್ ಹಾಳು ಮಾಡುತ್ತದೆ. ಜಾಸ್ತಿ ಇದ್ದರೆ ಮೊದಲು ಕಬ್ಬಿಣ ತೆಗೆಯುವ ಫಿಲ್ಟರ್, ಆಮೇಲೆ ಸಾಫ್ಟನರ್. ಮಣ್ಣು ಮರಳಿದ್ದರೆ ಅದಕ್ಕೂ ಮೊದಲು ಒಂದು ಫಿಲ್ಟರ್ ಬೇಕು.

ಕುಡಿಯುವ ನೀರಿಗೆ ಬರೋಣ. 100 ಮಿಲಿಗ್ರಾಂ ಗಡಸುತನ ತೆಗೆದರೆ 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ನಮ್ಮ 400 ರ ನೀರಿನಲ್ಲಿ ಲೀಟರಿಗೆ 184. ಮನೆಯಲ್ಲಿ ಬಿಪಿ, ಕಿಡ್ನಿ ತೊಂದರೆಗೆ ಉಪ್ಪು ಕಡಿಮೆ ಮಾಡಿದವರಿದ್ದರೆ ಕುಡಿಯುವ ನಲ್ಲಿಗೆ ಬೇರೆ ಲೈನ್ ಬಿಡಿ, ವೈದ್ಯರನ್ನೂ ಕೇಳಿ. ಸಾಫ್ಟನರ್ ಆದ ಮೇಲೆ ಆರ್‌ಒ ಇದ್ದರೆ ಸೋಡಿಯಂ ಬಹುಪಾಲು ಅಲ್ಲಿ ಹೋಗುತ್ತದೆ, ಆರ್‌ಒ ಮೆಂಬ್ರೇನ್ ಕೂಡ ಜಾಸ್ತಿ ದಿನ ಬಾಳುತ್ತದೆ. ಗಿಡಗಳಿಗೆ ಮಾತ್ರ ಹಳೆಯ ಗಡಸು ನೀರೇ ಇರಲಿ. ಇನ್ನೊಂದು, ಸಾಫ್ಟನರ್ ರೋಗಾಣು ಕೊಲ್ಲುವುದಿಲ್ಲ, ಫ್ಲೋರೈಡ್ ಕೂಡ ತೆಗೆಯುವುದಿಲ್ಲ.

ಯಂತ್ರ ಬಂದು ಕೂತ ಮೇಲೆ ಹಾರ್ಡ್‌ನೆಸ್ ಕಿಟ್ ಎಸೆಯಬೇಡಿ. ರೀಜನರೇಷನ್‌ಗೆ ಹಿಂದಿನ ದಿನ ಒಮ್ಮೆ ಪರೀಕ್ಷೆ ಮಾಡಿ. ಗಡಸುತನ ಆಗಲೇ ಇಣುಕುತ್ತಿದ್ದರೆ ವಾಲ್ವಿನಲ್ಲಿ ಲೀಟರ್ ಸಂಖ್ಯೆ ಇಳಿಸಿ. ಮೈ ಜಾರಿದಂತೆ ಅನ್ನಿಸಿದರೆ ಸೋಪು ಹೋಗಿಲ್ಲ ಎಂದು ಮತ್ತೆ ಮತ್ತೆ ತೊಳೆಯುತ್ತಾ ನಿಲ್ಲಬೇಡಿ. ಮೆದು ನೀರು ಇರುವುದೇ ಹಾಗೆ, ಸೋಪು ಕಡಿಮೆ ಹಾಕಿ. ಉಪ್ಪಿನ ಡಬ್ಬದಲ್ಲಿ ವಾರಗಟ್ಟಲೆ ಮಟ್ಟ ಇಳಿಯದಿದ್ದರೆ ಮೇಲೆ ಉಪ್ಪು ಹೆಪ್ಪುಗಟ್ಟಿ ಕೆಳಗೆ ಟೊಳ್ಳಾಗಿರಬಹುದು. ಒಂದು ಕೋಲು ತೆಗೆದುಕೊಂಡು ಮೆಲ್ಲಗೆ ಚುಚ್ಚಿ ಒಡೆಯಿರಿ. ಪುಡಿ ಉಪ್ಪಿನ ಬದಲು ಮಾತ್ರೆಯಂಥ ದಪ್ಪ ಉಪ್ಪು ಹಾಕಿದರೆ ಈ ಕಾಟ ಕಡಿಮೆ.